ಮೂರು ಹಗ್ಗದ ಮೇಲಿನ ಪಾಠ

ಅಂಬರಾಯ ಮಾಸ್ತರರಿಗೆ ಮೂರನೇ ತರಗತಿಯ ಇಂಗ್ಲಿಷ್ ಸಿಕ್ಕಿದ್ದು ಬಹಳ ವರ್ಷ ಕಾದ ಮೇಲೆ. ಕಾಗಿಣಾ ನದಿ ದಂಡೆಯ ಅಂಬಿಗರ ಮನೆಗಳಲ್ಲಿ ದೋಣಿ ಬಿಟ್ಟು ಪುಸ್ತಕ ಹಿಡಿದವರು ಅವರೊಬ್ಬರೇ. ಉರ್ದುವನ್ನು ಸಾಲಿಯಲ್ಲಿ ಕಲಿತರು. ಇಂಗ್ಲಿಷನ್ನು ಮಾತ್ರ ಅರ್ಧ ಸಾಲಿಯಲ್ಲಿ, ಅರ್ಧ ತಾವೇ ಗುದ್ದಾಡಿ ಕಲಿತರು. ಚಿತ್ತಾಪುರ ತಾಲೂಕಿನ ಹಳೇಮಡ್ಡಿ ಎಂಬ ಊರಿನ ಸಾಲಿಗೆ ಬಂದಾಗಿನಿಂದ ಸಣ್ಣ ಮಕ್ಕಳಿಗೆ ಅಕ್ಷರ ತಿದ್ದಿಸುವುದೇ ಅವರ ಪಾಲಿಗೆ ಬಂದಿತ್ತು. ಆ ವರ್ಷ ಸಾಲಿಯ ಮುಖ್ಯಸ್ಥರಾದ ಸದರ ಮಾಸ್ತರರು ಕೊನೆಗೂ ಒಪ್ಪಿದರು.

"ಒಂದು ವರ್ಷ ನೋಡೋಣ ಅಂಬರಾಯ. ಹುಡುಗರು ಕಲಿತ್ರ ಇಂಗ್ಲಿಷ್ ನಿನಗ ಕಾಯಂ. ಇಲ್ಲಾಂದ್ರ ಮತ್ತ ನಿನ್ನ ಅಕ್ಷರದ ಕ್ಲಾಸೇ ಗತಿ."

ಕಾಯಂ ಆಗುವುದೆಂದರೆ ಎಷ್ಟು ದೊಡ್ಡದೆಂಬುದು ಅವರಿಗೆ ಮಾತ್ರ ಗೊತ್ತಿತ್ತು. ಆದರೆ ಬಣ್ಣದ ಪಾಠಕ್ಕೆ ಬಂದು ಗಾಡಿ ನಿಂತುಬಿಟ್ಟಿತು. ಪುಸ್ತಕದ ಚಿತ್ರಗಳೆಲ್ಲ ಕಪ್ಪು ಮಸಿಯಲ್ಲಿ ಅಚ್ಚಾಗಿದ್ದವು. ಗಿಳಿ ಕಪ್ಪು, ಗುಲಾಬಿ ಕಪ್ಪು, ಹುಲ್ಲೂ ಕಪ್ಪು. ಮಾಸ್ತರರು ಗಿಳಿಯ ಮೇಲೆ ಬೆರಳಿಟ್ಟು "ಗ್ರೀನ್" ಅಂದರೆ, ಹುಡುಗರು ಆ ಮಸಿಯನ್ನೇ ನೋಡಿ "ಗ್ರೀನ್" ಅನ್ನುತ್ತಿದ್ದರು. ಮರುದಿನ ಎಮ್ಮೆಯ ಬಣ್ಣ ಕೇಳಿದರೆ ಇಡೀ ತರಗತಿ ಒಕ್ಕೊರಲಿನಿಂದ "ಗ್ರೀನ್!"

"ಎಮ್ಮಿ ಹಸರ ಇರ್ತದೇನ್ರಲೇ?"

"ನೀವೇ ಹೇಳೀರಲ್ರಿ, ಪುಸ್ತಕದಾಗಿನ ಈ ಬಣ್ಣ ಗ್ರೀನ್ ಅಂತ!"

ಅವರದೂ ಸುಳ್ಳಲ್ಲ. ಮಾಸ್ತರರು ಎಲೆ ತಂದು ತೋರಿಸಿದರು. ಮಕ್ಕಳು ಗ್ರೀನ್ ಎಂದರೆ ಎಲೆ ಎಂದುಕೊಂಡರು. ಬಳಪ ತೋರಿಸಿದರು, ವೈಟ್ ಎಂದರೆ ಬಳಪವಾಯಿತು. ಮನೆಗೆ ಬಂದು ರೊಟ್ಟಿಯ ಮುಂದೆ ಕೂತು ತಲೆ ಚಚ್ಚಿಕೊಂಡರು. ಹೆಂಡತಿ ಮಾಣಿಕಮ್ಮ, "ತಲಿ ಆಮ್ಯಾಲೆ ಒಡಕೋರಿ, ರೊಟ್ಟಿ ಆರ್ತದ" ಅಂದಳು.

ಬಣ್ಣವೇ ಬಣ್ಣವಾಗಿ ಕಾಣಬೇಕು, ಅದರಲ್ಲಿ ಎಲೆಯೂ ಇರಬಾರದು, ಗಿಳಿಯೂ ಇರಬಾರದು ಎಂದು ಅವರಿಗೆ ಹೊಳೆಯಿತು. ಸಾಲಿಯ ಹಿಂದೆಯೇ ರಂಗರೇಜರ ಇಮಾಮ್‌ಬೀಯ ಮನೆ. ಅರಿವೆಗೆ ಬಣ್ಣ ಹಾಕುವುದೇ ಅವಳ ಕಸುಬು. ಮಾಸ್ತರರು ಹೋಗಿ ಕೈಮುಗಿದು ನಿಂತರು.

"ಒಂದ್ ದಿನದ ಮಟ್ಟಿಗೆ ಬಣ್ಣದ ಅರಿವಿ ಕೊಡವ್ವಾ."

"ಅರೇ ಮಾಸ್ತರ, ಮದುವಿ ಮಾಡಕೊಳ್ಳಾಕತ್ತೀಯೇನು ಮತ್ತ?" ಎಂದು ಇಮಾಮ್‌ಬೀ ನಕ್ಕಳು. "ನೀಲಿ ತೀರ್ಯದ, ಕೆಂಪು ಇನ್ನೂ ಹಂಡ್ಯಾಗ ಅದ. ಗೌಡರ ಮದುವಿ ಕೇಸರಿ ರುಮಾಲದಾವ, ದರ್ಗಾದ ಹಸರ ಚಾದರ ಅದ. ಬಣ್ಣ ಹಾಕಲಾರದ ಬಿಳಿ ಥಾನ ಅದ. ಮಣ್ಣ ಹತ್ತಿದ್ರ ನಿನ್ನ ಧೋತರಕ್ಕ ಬಣ್ಣ ಹಾಕ್ತೀನಿ ನೋಡು."

ಮರುದಿನ ಸಾಲಿಯ ಅಂಗಳದ ಎರಡು ಬೇವಿನ ಮರಗಳ ನಡುವೆ ಮಾಸ್ತರರು ಒಂದರ ಕೆಳಗೊಂದು ಮೂರು ಹಗ್ಗ ಕಟ್ಟಿದರು. ಹಿಂದೆ ಕೂತವರಿಗೂ ಕಾಣಲಿ ಎಂದು ಉದ್ದನೆಯ ಅರಿವೆಗಳನ್ನು ಬಿಚ್ಚಿ ಹರವಿದರು. ಕೇಸರಿ, ಹಸಿರು ಒಂದಕ್ಕೊಂದು ತಾಗಿದ್ದರೆ ಮಕ್ಕಳು ಮತ್ತೆ ಗೊಂದಲ ಮಾಡಿಕೊಳ್ಳುತ್ತಾರೆ ಎಂದು ನಡುವೆ ಬಿಳಿ ಹಾಕಿದರು. ಬಣ್ಣ ಎದ್ದು ಕಂಡಿತು. ಕೋಲು ಹಿಡಿದು ಮೇಲಿನಿಂದ ಕೆಳಗೆ ತೋರಿಸುತ್ತ ಹೋದರು. ಮಧ್ಯಾಹ್ನದೊಳಗೆ ಪವಾಡವೇ ನಡೆಯಿತು. ಒಬ್ಬ ಹುಡುಗ ತನ್ನ ಅಂಗಿ ಮುಟ್ಟಿಕೊಂಡು "ವೈಟ್" ಅಂದ. ಇನ್ನೊಬ್ಬ ಬೇವಿನ ಮರ ನೋಡಿ "ಗ್ರೀನ್" ಅಂದ. ಯಾರೂ ಹೇಳಿಕೊಟ್ಟಿರಲಿಲ್ಲ! ತರಗತಿಗೆ ತರಗತಿಯೇ ಎದ್ದು ನಿಂತು ಕೂಗತೊಡಗಿತು: "ಆರೆಂಜ್! ವೈಟ್! ಗ್ರೀನ್!"

ಅದು ಸಾವಿರದ ಒಂಬೈನೂರ ನಲವತ್ತೇಳರ ಶ್ರಾವಣ. ಗಡಿಯಾಚೆ ಎಲ್ಲೆಲ್ಲೂ ಮೂರು ಬಣ್ಣದ ಬಾವುಟ ಏರಿತ್ತು. ನಿಜಾಮರ ಸೀಮೆಯಲ್ಲಿ ಅದನ್ನು ಏರಿಸಿದವರಿಗೆ ಜೈಲು. ಪಾಠದ ಯೋಚನೆಯಲ್ಲಿ ಮುಳುಗಿದ್ದ ಮಾಸ್ತರರಿಗೆ ಅದು ತಲೆಗೇ ಹೋಗಿರಲಿಲ್ಲ. ಹುಡುಗರು ಕೂಗುತ್ತಿದ್ದಾಗಲೇ ಸಾಲಿಯ ಮುಂದಿನ ದಾರಿಯಲ್ಲಿ ಕುದುರೆ ನಿಂತಿತು. ಪೊಲೀಸ್ ಅಮೀನ ಅಮೀರ್ ಅಲಿ ಇಳಿದು ಬಂದ.

"ಮಾಸ್ತರ, ಯಾರ ಝಂಡಾ ಇದು?"

ಆಗ ಮಾಸ್ತರರು ತಿರುಗಿ ನೋಡಿದರು. ಮೇಲೆ ಕೇಸರಿ, ನಡುವೆ ಬಿಳಿ, ಕೆಳಗೆ ಹಸಿರು. "ಝಂಡಾ ಅಲ್ರಿ ಸಾಹೇಬ್ರ, ಪಾಠ. ನೋಡ್ರಿ, ನಡುವ ಚಕ್ರ ಎಲ್ಲದರಿ?"

"ಇವತ್ತು ಅರಿವಿ, ನಾಳಿ ಚಕ್ರ."

"ಹುಡುಗರನ್ನ ಕೇಳ್ರಿ ಬೇಕಾದ್ರ!"

ಹಾಗೆ ಅನ್ನಬಾರದಿತ್ತು. ಹುಡುಗರು ಎದೆಯುಬ್ಬಿಸಿ ಮೇಲಿನಿಂದ ಕೆಳಗೆ ಮತ್ತೆ ಕೂಗಿದರು.

ಅರಿವೆಗಳನ್ನು ಕಿತ್ತು ಒಯ್ದು, ಸಂಜೆಯವರೆಗೆ ಮಾಸ್ತರರನ್ನು ಠಾಣೆಯ ಜಗಲಿಯಲ್ಲಿ ಕೂರಿಸಿದರು. ಇಮಾಮ್‌ಬೀ ಓಡಿ ಬಂದು, "ಅರಿವಿ ನಂದು ಸಾಹೇಬ, ಗೌಡರಿಗೆ ಏನ್ ಹೇಳ್ಲಿ?" ಎಂದು ಜಗಳ ತೆಗೆದಳು. ಅಮೀರ್ ಅಲಿ ಕೆಟ್ಟವನೇನಲ್ಲ. ಅರಿವೆ ಅವಳಿಗೆ ಕೊಟ್ಟು, ಮಾಸ್ತರರನ್ನು ಒಳಗೆ ಕರೆದ.

"ನೀ ಪಾಠ ಮಾಡಿದ್ದು ಖರೇ ಇರಬಹುದು. ಮ್ಯಾಲಿನವರಿಗೆ ಪಾಠ ಅಂತ ಬರದ್ರ ನನ್ನ ನೌಕರಿ ಹೋಗ್ತದ. ಝಂಡಾ ಅಂತನ ಬರೀತೀನಿ. ಆದ್ರ ಜೈಲಿಗೆ ಹಾಕೂದಿಲ್ಲ, ಅಷ್ಟೇ ತಿಳಕೋ."

ಜೈಲು ತಪ್ಪಿತು, ಇಂಗ್ಲಿಷ್ ಹೋಯಿತು. ಸುಲೇಪೇಟದ ಆಚೆಯ ಒಂದು ಲಂಬಾಣಿ ತಾಂಡಾಕ್ಕೆ ಮಾಸ್ತರರನ್ನು ದಬ್ಬಿದರು. ಅಲ್ಲಿ ಮತ್ತೆ ಅಕ್ಷರ, ಮತ್ತೆ ಮಗ್ಗಿ. ಬಾಯಿಗೆ ಬಂದ ಪಾಠ ಬಾಯಲ್ಲೇ ಒಣಗಿತು.

ಮುಂದಿನ ವರ್ಷ ನಿಜಾಮರ ಆಳ್ವಿಕೆ ಮುಗಿದು ರಾಜ್ಯ ಬದಲಾಯಿತು. ಹಳೇಮಡ್ಡಿಯಿಂದ, ಈಗ ಊರಿನ ಮುಂದಾಳಾಗಿದ್ದ ವಕೀಲ ಪಾಂಡುರಂಗರಾಯರು ಬಂಡಿ ಕಳಿಸಿದರು. ಬಾವುಟ ಏರಿಸಿದ ಮಾಸ್ತರರಿಗೆ ಸನ್ಮಾನವಂತೆ! ಗಂಡಹೆಂಡತಿ ಇಬ್ಬರೂ ಹೋದರು. ಚಂಡು ಹೂವಿನ ಮಾಲೆ ಬಿತ್ತು, ಶಾಲು ಬಿತ್ತು.

ಮಾಸ್ತರರು ಎದ್ದು ನಿಂತು ಹೇಳಿದರು: "ನಾ ಬಾವುಟ ಏರಿಸಿಲ್ರಿ. ಹುಡುಗರಿಗೆ ಬಣ್ಣದ ಹೆಸರು ಕಲಸಾಕತ್ತಿದ್ದೆ. ನನಗ ಮೂರನೇ ಕ್ಲಾಸಿನ ಇಂಗ್ಲಿಷ್ ಹೊಳ್ಳಿ ಕೊಡ್ರಿ, ಸಾಕು."

ಜನ ಚಪ್ಪಾಳೆ ತಟ್ಟಿದರು. ರಾಯರು ಕಣ್ಣೊರೆಸಿಕೊಂಡು, "ನೋಡ್ರಿ ವಿನಯ! ಚಕ್ರ ಬರಿಯೂದ್ರೊಳಗ ಪೊಲೀಸರು ಬಂದ್ರು ಪಾಪ" ಅಂದರು.

"ಚಕ್ರ ಬರಿಯವ ಇದ್ದಿಲ್ರಿ ನಾ!"

"ಮಾಸ್ತರ್ರ, ಕುಂದ್ರಿ ಕುಂದ್ರಿ. ನಿಮ್ಮಂಥ ದೊಡ್ಡವರಿಗೆ ಆ ಸಣ್ಣ ಹುಡುಗರ ಕ್ಲಾಸ್ಯಾಕ? ಅದನ್ನ ಯಾವನರ ಮಾಡ್ತಾನ. ನಿಮ್ಮನ್ನ ಸೇಡಂ ಕಡಿ ಸಾಲಿಗಳ ಮ್ಯಾಲ್ವಿಚಾರಣೆಗೆ ಹಾಕಸೀವಿ. ಪಾಠ ಮಾಡೂ ತ್ರಾಸೇ ಇಲ್ಲ!"

ಮತ್ತೆ ಚಪ್ಪಾಳೆ. ಮಾಸ್ತರರ ಮಾತು ಅದರಲ್ಲಿ ಮುಳುಗಿಹೋಯಿತು.

ಬಂಡಿಯಲ್ಲಿ ಮರಳುವಾಗ ಮಾಣಿಕಮ್ಮ ಕೇಳಿದಳು: "ಹೌದು, ನಾನೇ ಏರಿಸೀನಿ ಅಂತ ಅಂದುಬಿಟ್ಟಿದ್ರ, ಕೇಳಿದ್ದು ಕೊಡ್ತಿದ್ರೋ ಏನೋ?"

"ಹಂಗಂದಿದ್ರ ಇನ್ನೂ ದೊಡ್ಡ ಕುರ್ಚಿ ಕೊಡ್ತಿದ್ರು" ಎಂದರು ಮಾಸ್ತರರು. "ಕ್ಲಾಸು ಆಗೂ ಕೊಡ್ತಿದ್ದಿಲ್ಲ."

ಹಳ್ಳದ ಬಳಿ ಬಂಡಿ ನಿಂತಾಗ ಇಳಿದು, ಮಾಲೆಯನ್ನು ಬಿಚ್ಚಿ ಎತ್ತುಗಳ ಬಾಯಿಗೆ ಚಾಚಿದರು. ಬಂಡಿಯವ ಗಾಬರಿಯಾಗಿ, "ಮಾಸ್ತರ್ರ, ಸನ್ಮಾನದ ಹಾರರಿ ಅದು!" ಅಂದ.

"ತಿನ್ಲಿ ಬಿಡೋ. ಯಾರರ ಒಬ್ಬರಿಗೆ ಉಪಯೋಗ ಆಗ್ಲಿ."