ಮೈಕ್‌ಸೆಟ್ ಕೃಷ್ಣನ ಬಾಡಿಗೆ ಕೋಣೆ

ನರಸೀಪುರದ ಪೇಟೆಬೀದಿಯಲ್ಲಿ ಕೃಷ್ಣನ ಮೈಕ್‌ಸೆಟ್ ಅಂಗಡಿ ಇತ್ತು. ತೊಂಬತ್ತೇಳನೇ ಇಸವಿಯಲ್ಲಿ ಕೋಣೆಯ ಮಾಲೀಕರಾದ ದೊಡ್ಡಸಿದ್ದಯ್ಯ ಬಾಡಿಗೆ ಏರಿಸಿದರು. ಖರ್ಚು ಇಳಿಸದಿದ್ದರೆ ಆಂಪ್ಲಿಫೈಯರ್ ಮಾರಿ ಕೂಲಿಗೆ ಹೋಗಬೇಕು, ಅಷ್ಟೇ.

ಕೃಷ್ಣನಿಗೆ ಲೆಕ್ಕಕ್ಕಿಂತ ಕನಸು ಜಾಸ್ತಿ. ಸೆಟ್ ಸರಿಯಿದೆಯೇ ಎಂದು ನೋಡುವ ನೆಪದಲ್ಲಿ ಪ್ರತಿ ಸಂಜೆ ಸೂರಿನ ಮೇಲಿನ ಹಾರನ್ನಿನಲ್ಲಿ ಒಂದು ಹಾಡು ಹಾಕಿ, ಬಾಗಿಲಿಗೆ ಕುರ್ಚಿ ಎಳೆದುಕೊಂಡು ಕಣ್ಣು ಮುಚ್ಚುವನು. ಹಾಡು ಕಪಿಲೆಯ ಮೇಲೆ ತೆಪ್ಪದ ಹಾಗೆ ತೇಲುವುದು. ಕಾವೇರಿ ಕೂಡುವಲ್ಲಿ ಕೊಂಚ ತಿರುಗಿ, ಆಚೆ ದಡದ ಕಬ್ಬಿನ ಗದ್ದೆಯೊಳಗೆ ಮೆಲ್ಲಗೆ ಇಳಿಯುವುದು. ತಾನೂ ಜೊತೆಗೆ ತೇಲಿಹೋದಂತೆ ಮೈ ಹಗುರ. ಕಣ್ಣು ಬಿಟ್ಟರೆ ಅದೇ ಬೀದಿ, ಅದೇ ಎಮ್ಮೆ ಸಗಣಿ.

"ಬ್ಯಾಡದ್ ಖರ್ಚೆಲ್ಲ ನಿಲ್ಸು," ಎಂದಳು ಹೆಂಡತಿ ಇಂದ್ರಾಣಿ.

ಧರಣಿ ಕೂತವರಿಗೆ ಪುಕ್ಕಟೆ ಕೊಡುವ ಮೈಕು ನಿಲ್ಲಿಸಲು ಮನಸ್ಸು ಬರಲಿಲ್ಲ. ಕೋಣೆ ಬಿಡುವುದಂತೂ ಆಗದ ಮಾತು. ಅವನ ಕೇರಿಯಿಂದ ಪೇಟೆಬೀದಿಗೆ ಬಂದು ಬೋರ್ಡು ಹಾಕಿದವನು ಅವನೊಬ್ಬನೇ. ಕೊನೆಗೆ ಸಂಜೆಯ ಹಾಡು ನಿಲ್ಲಿಸಿದ. ಕರೆಂಟು ಉಳಿಯಿತು, ಕ್ಯಾಸೆಟ್ಟು ಸವೆಯಲಿಲ್ಲ. ಗಿರಾಕಿಗಳೂ ಬರಲಿಲ್ಲ.

ಒಂದು ಸಂತೆಯ ದಿನ ಹೊಳೆಯಾಚೆಯ ಪಾಪಮ್ಮ ಅಂಗಡಿಯ ಮುಂದೆ ಬುಟ್ಟಿ ಇಳಿಸಿದಳು.

"ಅಯ್ಯೋ, ಬದ್ಕಿದ್ದೀಯೇನಪ್ಪಾ?"

"ಯಾಕಕ್ಕಾ, ತಿಥಿ ಊಟಕ್ ಬಂದ್ಯಾ?"

"ಮತ್ತೆ ಹಾಡೇ ಕೇಳ್ನಿಲ್ವಲ್ಲೋ! ಸೆಟ್ ಮಾರ್ಕೊಂಡು ಎಲ್ಗೋ ಹೋದ ಅಂದ್ಕಂಡೋ. ಮೊಮ್ಮಗಳ ಆರತಿಗೆ ನಂಜನಗೂಡೋನ್ನ ಕರ್ಸ್ದೋ."

"ಅಂಗ್ಡಿ ಇಲ್ಲೇ ಅದಲ್ಲಕ್ಕಾ. ಬೋರ್ಡ್ ಕಾಣಲ್ವಾ?"

"ನಿನ್ ಬೋರ್ಡ್ ಓದಕ್ಕೆ ನಂಗೇನ್ ಅಕ್ಷರ ಬಂದದಾ? ಹಾಡು ಬಂದ ದಿಕ್ಕಿಗೆ ಬತ್ತಿದ್ದೋ ಕಣಪ್ಪ."

ಪಾಪಮ್ಮ ಹೋದ ಮೇಲೆ ಕೃಷ್ಣ ಕೋಣೆಯನ್ನೊಮ್ಮೆ ಸುತ್ತಲೂ ನೋಡಿದ. ಟ್ಯೂಬ್‌ಲೈಟು, ಗಾಜಿನ ಬೀರು, ತಿರುಗುವ ಕುರ್ಚಿ. ಒಂದನ್ನೂ ನೋಡಿ ಯಾರೂ ಮದುವೆಗೆ ಕರೆದಿರಲಿಲ್ಲ. ಇಷ್ಟು ವರ್ಷ ಬಾಡಿಗೆ ಕಟ್ಟಿದ್ದು ತನ್ನ ಹಮ್ಮಿಗೆ. ಆ ಹಮ್ಮೂ ಸುಳ್ಳಲ್ಲ, ಅದಕ್ಕೇ ಸಂಕಟ.

ತಿಂಗಳ ಕೊನೆಗೆ ಬೀಗದ ಕೈ ಒಯ್ದು ದೊಡ್ಡಸಿದ್ದಯ್ಯನವರ ಮುಂದಿಟ್ಟ.

"ಅಂಗ್ಡಿ ಇಲ್ದೆ ಯಾಪಾರ ಮಾಡ್ತೀಯೇನ್ಲಾ?"

"ಜನಕ್ಕೆ ಕಿವಿ ಅವಲ್ಲ ಸಾ, ಸಾಕು."

ಬೋರ್ಡು ಇಳಿಸುವಾಗ ಅಳು ಬಂದೀತು ಎಂದುಕೊಂಡಿದ್ದ. ಹಸಿವಾಯಿತು. ಸೈಕಲ್ಲಿನ ಹಿಂದೆ ಹಾರನ್ ಕಟ್ಟಿಕೊಂಡು ಹೊಳೆದಂಡೆಯ ಕೇರಿಗೆ ಹೊರಟಾಗ, ಗಾಳಿ ಅದರ ಬಾಯೊಳಗೆ ಹೊಕ್ಕು ಯಾರೋ ನಿದ್ದೆಯಲ್ಲಿ ಮಾತಾಡಿದಂತೆ ಗುಂಯ್ ಅನ್ನುತ್ತಿತ್ತು. ಅದನ್ನು ಕೇಳುತ್ತಾ ಮನೆಯ ತಿರುವು ದಾಟಿ ಮುಂದೆ ಹೋಗಿಬಿಟ್ಟು, ಮತ್ತೆ ವಾಪಸು ಬಂದ.

ಇಂದ್ರಾಣಿ ಆಗಲೇ ಮನೆಯಲ್ಲಿದ್ದೊಂದು ಕೋಣೆ ಖಾಲಿ ಮಾಡಿ, ಮಂಚವನ್ನು ಅರ್ಧ ಜಗುಲಿಗೆ ಎಳೆದಿದ್ದಳು.

"ಇನ್ಮ್ಯಾಲೆ ಮಳೆ ಬಂದ್ರೆ ನೆನೆಯೋರು ನಾವು," ಎಂದಳು. "ನಿನ್ ಸೆಟ್ಟಲ್ಲ. ಬಾ, ಆ ಕಡೆ ಹಿಡ್ಕೊ."