ಆಕಿ ಹಿಟ್ಟೋ, ನಮ್ಮ ಹಿಟ್ಟೋ

"ಹಿಟ್ಟು ಉಂಡ್ರಾ?"

ಬೆಂಗಳೂರು ನಮಗೆ ಕೇಳಿದ ಮೊದಲ ಪ್ರಶ್ನೆ ಇದು. ಶ್ರೀಗಂಧದ ಕಾವಲಿನ ಬಾಡಿಗೆ ಮನೆಯ ಮುಂದೆ ಸಾಮಾನಿನ ಲಾರಿ ಇನ್ನೂ ನಿಂತಿತ್ತು. ಮನೆಯ ಒಡತಿ ಜಯಮ್ಮ ಗೇಟು ಹಿಡಿದುಕೊಂಡು ಕೇಳಿದರು. ನಾನು ನಮ್ಮ ಮನೆಯವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ನಮ್ಮಲ್ಲಿ ಹಿಟ್ಟನ್ನು ಬೀಸುತ್ತಾರೆ, ನಾದುತ್ತಾರೆ, ರೊಟ್ಟಿ ಬಡಿಯುತ್ತಾರೆ. ಹಿಟ್ಟು ಉಂಡವರ ಸುದ್ದಿಯನ್ನು ಬರಗಾಲದಲ್ಲೂ ಕೇಳಿರಲಿಲ್ಲ.

"ಇಲ್ರೀ, ಇನ್ನಾ ಬೀಸಿಸಿಲ್ಲ" ಎಂದರು ನಮ್ಮವರು.

ಜಯಮ್ಮ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಮಾಗಡಿ ಕಡೆಯ ಅವರಿಗೆ ಹಿಟ್ಟು ಅಂದರೆ ರಾಗಿಮುದ್ದೆ. ಊಟವಾಯಿತೇ ಎಂದು ಕೇಳಿದ್ದರು, ಅಷ್ಟೇ. ಅಂದು ಸಂಜೆ ಎರಡು ಮುದ್ದೆ, ಸೊಪ್ಪಿನ ಸಾರು ತಂದುಕೊಟ್ಟರು. ನಮ್ಮವರು ಒಂದು ತುತ್ತು ಅಗಿದು ಅಗಿದು ಸೋತು, "ಇದು ಬಾಯಾಗ ಎಲ್ಲಿ ಹೋಗೂದು ಅಂತ ತಿಳಿವಲ್ದು" ಎಂದು ತಟ್ಟೆ ಸರಿಸಿದರು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ನಮಗೆ ಯಾರು ಹೇಳಬೇಕು?

ಊರಿನ ಮಂದಿಗಾಗಿ ಇದನ್ನು ಬರೆಯುತ್ತಿದ್ದೇನೆ. ಈರಪ್ಪ ಟೇಲರಿಗೆ ಬೆಂಗಳೂರಿನ ಗಾಳಿ ಬಡಿಯಿತು ಎಂದು ಕೆಲವರು, ಹೆಂಡತಿ ನೌಕರಿ ನೌಕರಿ ಎಂದು ಗಂಡನಿಗೆ ಅನ್ನ ಹಾಕಲಿಲ್ಲ ಎಂದು ಕೆಲವರು ಹೇಳುತ್ತಿದ್ದಾರಂತೆ. ಎರಡನೆಯ ಮಾತಿನಲ್ಲಿ ಸ್ವಲ್ಪ ನಿಜವಿದೆ. ಎಷ್ಟು ನಿಜ ಎಂಬುದನ್ನು ಇನ್ನೊಬ್ಬರ ಬಾಯಿಂದ ಕೇಳುವುದಕ್ಕಿಂತ ನನ್ನಿಂದಲೇ ಕೇಳಿ.

ಬಡ್ತಿಯ ಜೊತೆ ವರ್ಗಾವಣೆ ಬಂದದ್ದು ನನಗೆ. ಜಮಖಂಡಿ ಕಡೆಯ ನಮ್ಮ ಊರಿನಲ್ಲಿ ಇಪ್ಪತ್ತೈದು ವರ್ಷ ಹೊಲಿದ ಅಂಗಡಿಗೆ ಬಾಗಿಲು ಹಾಕಿ, ಮೆಷಿನ್ನನ್ನು ಗೋಣಿತಟ್ಟಿನಲ್ಲಿ ಸುತ್ತಿಕೊಂಡು ನನ್ನ ಹಿಂದೆ ಬಂದದ್ದು ಅವರು. ಊರಿನಲ್ಲಿ ಮದುವೆ ಗಂಡಿನ ಅಂಗಿ ಎಂದರೆ ಈರಪ್ಪನ ಅಂಗಿಯೇ ಆಗಬೇಕಿತ್ತು. ಇಲ್ಲಿ ಜಯಮ್ಮನ ವರಾಂಡದಲ್ಲಿ ಮೆಷಿನ್ ಹಾಕಿಕೊಂಡು ಕೂತರೆ ಬರುವವರು ತರುವುದು ಅಂಗಡಿಯಲ್ಲಿ ಕೊಂಡ ಪ್ಯಾಂಟು. "ಅಣ್ಣ, ಎರಡಿಂಚು ಕಮ್ಮಿ ಮಾಡ್ಕೊಡಿ." ದಿನವಿಡೀ ಬೇರೆಯವರು ಹೊಲಿದದ್ದನ್ನು ಕತ್ತರಿಸಿ ಮಡಚುವ ಕೆಲಸ. ನಾನು ಬೆಳಿಗ್ಗೆ ಬಸ್ಸಿನಲ್ಲಿ ವಿಜಯನಗರಕ್ಕೆ ಹೋಗಿ, ಮೆಟ್ರೋ ಹತ್ತಿ, ಸಂಜೆ ಕತ್ತಲಾಗುವಾಗ ತಿರುಗಿ ಬರುತ್ತಿದ್ದೆ. ಅಷ್ಟು ಹೊತ್ತು ಅವರು ಯಾರ ಜೊತೆ ಮಾತನಾಡುತ್ತಿದ್ದರೋ ನಾನು ಕೇಳಲಿಲ್ಲ.

ಊಟವೂ ಅವರನ್ನು ಸೋಲಿಸಿತು. ನಮ್ಮಲ್ಲಿ ಅನ್ನ ಎಂದರೆ ಊಟದ ಕೊನೆಗೆ ಒಂದು ಹಿಡಿ. ಇಲ್ಲಿ ಬೆಳಿಗ್ಗೆ ಏಳಕ್ಕೇ ಚಿತ್ರಾನ್ನ, ಟೊಮೆಟೊ ಬಾತು. ವಿಜಯನಗರದ ಮಾರುಕಟ್ಟೆಯಲ್ಲಿ ಜೋಳದ ಹಿಟ್ಟು ಪ್ಯಾಕೆಟ್ಟಿನಲ್ಲಿ ಸಿಗುತ್ತದೆ, ಆದರೆ ಬೀಸಿ ಎಷ್ಟು ದಿನವಾಗಿದೆಯೋ ದೇವರೇ ಬಲ್ಲ. ಜಿಗುಟೇ ಇರುವುದಿಲ್ಲ, ಬಡಿಯುತ್ತಿದ್ದಂತೆ ಅಂಚು ಬಿರಿಯುತ್ತದೆ. ನಾನು ಕಚೇರಿಯ ಅವಸರದಲ್ಲಿ ರೊಟ್ಟಿ ಬಿಟ್ಟು ಕುಕ್ಕರ್ ಕೂಗಿಸಿದೆ. ಒಂದೂವರೆ ವರ್ಷದಲ್ಲಿ ಅವರ ಹೊಟ್ಟೆ ಮೆಷಿನ್ನಿಗೆ ತಾಗತೊಡಗಿತು. ಮೊದಲೇ ಇದ್ದ ಸಕ್ಕರೆ ಕಾಯಿಲೆ ಏರಿತು. ಡಾಕ್ಟರು ಮಾತ್ರೆ ಹೆಚ್ಚಿಸಿದರು.

ಆಗ ಸಿಕ್ಕವನು ಕೋಚ್ ಲೋಕೇಶ. ನಾಯಂಡಹಳ್ಳಿಯಲ್ಲಿ ಒಂದು ಗೋಡೌನಿನ ಮೇಲೆ ಜಿಮ್ ನಡೆಸುತ್ತಿದ್ದ, ನಲವತ್ತರ ಆಸುಪಾಸಿನವನು. ಅವನೂ ಪ್ಯಾಂಟು ಸಣ್ಣ ಮಾಡಿಸಲೆಂದೇ ಬಂದವನು, ಆದರೆ ಸೊಂಟದಲ್ಲಿ. ತಾನೇ ಇಪ್ಪತ್ತು ಕಿಲೋ ಇಳಿದಿದ್ದ. ಅದು ಪ್ರೈಮಲ್ ಡಯಟ್ಟಿನ ಮಹಿಮೆಯಂತೆ. ಮನುಷ್ಯ ಬೇಸಾಯ ಕಲಿಯುವುದಕ್ಕೆ ಮುಂಚೆ ಏನು ತಿನ್ನುತ್ತಿದ್ದನೋ ಅದನ್ನಷ್ಟೇ ತಿನ್ನಬೇಕು. ಅಕ್ಕಿ, ಗೋಧಿ, ಜೋಳ, ಬೇಳೆ, ಸಕ್ಕರೆ ಯಾವುದೂ ಇಲ್ಲ. ಮಾಂಸ, ಮೊಟ್ಟೆ, ಸೊಪ್ಪು, ತರಕಾರಿ, ಬೆಣ್ಣೆ, ತುಪ್ಪ, ತೆಂಗು. ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆದುಕೊಟ್ಟ. ಕೊಬ್ಬಿಗೆ ದೊಡ್ಡ ಪಾಲು, ಪ್ರೋಟೀನಿಗೆ ನಡುವಿನದು, ಪಿಷ್ಟ, ಸಕ್ಕರೆಯ ಕಾರ್ಬಿಗೆ ಚೂರು.

ನಮ್ಮವರಿಗೆ ಆ ಹಾಳೆ ಹಿಡಿಸಿಬಿಟ್ಟಿತು. ಅಳತೆಯ ಮನುಷ್ಯನಲ್ಲವೇ? "ಇದು ಬಟ್ಟಿ ಲೆಕ್ಕದಂಗ ಐತಿ ನೋಡು" ಎಂದು ನನಗೆ ಪಾಠ ಹೇಳಿದರು. "ಇರೂ ಬಟ್ಟಿ ಇಷ್ಟ. ತೋಳು ಉದ್ದ ಮಾಡಿದ್ರ ಕಾಲರಿಗೆ ಕಮ್ಮಿ ಬೀಳತೈತಿ. ಕಾರ್ಬ್ ಕತ್ತರಿಸಿದ್ರ ಆ ಜಾಗಾ ಕೊಬ್ಬು ತುಂಬಬೇಕು. ಬರೇ ಕತ್ತರಿಸಿ ಬಿಟ್ರ ಅಂಗಿ ಹರೀತೈತಿ." ಎಷ್ಟೋ ತಿಂಗಳ ಮೇಲೆ ಅವರ ದನಿಯಲ್ಲಿ ಅಂಗಡಿಯ ಹುರುಪು ಕೇಳಿತು. ಅದಕ್ಕೇ ನಾನು ಸುಮ್ಮನಾದೆ.

ಮೊದಲ ದಿನ ಕೋಚ್ ಕೇಳಿದನಂತೆ, "ಅಣ್ಣ, ಎಣ್ಣೆ ಹೊಡೀತೀರಾ?"

"ಹೂಂ, ದಿನಾ ಎರಡು ಚಮಚ. ಶೇಂಗಾ ಎಣ್ಣಿ" ಎಂದರಂತೆ ಇವರು. ಕೋಚ್ ಹೊಟ್ಟೆ ಹಿಡಿದುಕೊಂಡು ನಕ್ಕನಂತೆ. ಇಲ್ಲಿ ಎಣ್ಣೆ ಎಂದರೆ ಸಾರಾಯಿ. ಅದನ್ನು ಅವರು ನನಗೆ ಮೂರು ಸಲ ಹೇಳಿ ನಗಿಸಿದರು. ಈ ಊರಿನ ಮಾತು ನಮಗೆ ಆಗ ನಗೆಯ ವಸ್ತುವಾಗಿತ್ತು.

ಆದರೆ ಲಿಂಗಾಯತರ ಮನೆಯಲ್ಲಿ ಆದಿಮಾನವನಾಗುವುದು ಸುಲಭವಲ್ಲ. ಮಾಂಸದ ಮಾತೇ ಇಲ್ಲ. ಬೇಳೆ ಕಾಳು ಕೂಡದು ಎಂದರೆ ಪ್ರೋಟೀನ್ ಎಲ್ಲಿಂದ ಬರಬೇಕು? ಶೇಂಗಾ ಇದೆಯಲ್ಲ ಎಂದರೆ, ಶೇಂಗಾ ಕಾಳಿನ ಜಾತಿ, ಬೀಜದ ಜಾತಿಯಲ್ಲ ಎಂದ ಕೋಚ್. ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಡಬ್ಬಿಯನ್ನು ಮೇಲಿನ ಹಲಗೆಗೆ ಇಡುವಾಗ ಇವರ ಮುಖ ನೋಡಬೇಕಿತ್ತು. ಉಳಿದದ್ದು ಪನೀರು, ಮೊಸರು, ಮತ್ತೆ ಮೊಟ್ಟೆ. ಮೊಟ್ಟೆ ನನ್ನ ಒಲೆಯ ಮೇಲೆ ಬೇಯುವಂತಿರಲಿಲ್ಲ. ಜಯಮ್ಮ ತಮ್ಮ ಒಲೆಯಲ್ಲಿ ಎರಡು ಬೇಯಿಸಿ ಕೊಡುತ್ತಿದ್ದರು. ಇವರು ಮೆಟ್ಟಿಲ ಮೇಲೆ ಕೂತು, ಯಾರಾದರೂ ಊರವರು ನೋಡಿಬಿಟ್ಟಾರು ಎಂಬಂತೆ ಗಬಗಬ ತಿಂದು ಬಾಯಿ ಮುಕ್ಕಳಿಸಿ ಒಳಗೆ ಬರುತ್ತಿದ್ದರು.

ಒಂದನ್ನು ಮಾತ್ರ ಬಿಡಲಿಲ್ಲ. ರಾತ್ರಿ ಊಟಕ್ಕೆ ಒಂದು ಜೋಳದ ರೊಟ್ಟಿ. ಕೋಚಿಗೆ ಹೇಳಬೇಡ ಎಂದು ನನಗೆ ಹೇಳಿ, ಎಷ್ಟೇ ದಣಿದಿದ್ದರೂ ನನ್ನಿಂದ ಅದೊಂದನ್ನು ಮಾಡಿಸಿಕೊಳ್ಳುತ್ತಿದ್ದರು. "ಜೋಳಾ ತಿಂದಾವ ತೋಳ" ಎಂದು ಕಣ್ಣು ಮಿಟುಕಿಸುತ್ತಿದ್ದರು. ಆ ಒಂದು ರೊಟ್ಟಿ ಅವರನ್ನು ಕಾಯುತ್ತಿತ್ತು ಎಂಬುದು ಆಗ ನಮಗೆ ಗೊತ್ತಿರಲಿಲ್ಲ.

ಎರಡು ತಿಂಗಳಲ್ಲಿ ಹೊಟ್ಟೆ ಇಳಿಯಿತು. ವಿಜಯನಗರದ ಒಂದು ಕ್ಲಿನಿಕ್ಕಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದೆವು. ವಯಸ್ಸಾದ ಡಾಕ್ಟರು, ಈ ಕಡೆಯವರೇ. ವರದಿ ನೋಡಿ ಖುಷಿಪಟ್ಟರು. ಡಯಟ್ಟಿನ ವಿಷಯ ನಾವು ಎತ್ತಲಿಲ್ಲ. ಬೈದಾರು ಎಂಬ ಅಂಜಿಕೆ, ಹೊರಗೆ ಕಾಯುತ್ತಿದ್ದ ಜನರ ಸಾಲು, ನನಗೆ ಕಚೇರಿಯ ಅವಸರ. ಏಳುವಾಗ ಡಾಕ್ಟರು ನನ್ನ ಕಡೆ ತಿರುಗಿ ಹೇಳಿದರು, "ರಾತ್ರಿ ಹೊತ್ತು ಹಿಟ್ಟು ಬಿಟ್ಬಿಡಿ ತಾಯಿ, ಭಾರ ಆಗುತ್ತೆ. ಮಾತ್ರೆ ಮಾತ್ರ ಒಂದು ದಿನಾನೂ ತಪ್ಪಿಸ್ಬೇಡಿ."

ಮೆಟ್ಟಿಲು ಇಳಿಯುವಾಗ ನಮ್ಮವರು ನಿಂತರು. "ಅಲ್ಲಾ, ಆಕಿ ಹಿಟ್ಟೋ, ನಮ್ಮ ಹಿಟ್ಟೋ? ತಿರುಗಿ ಹೋಗಿ ಕೇಳೂನೇನು?"

ಆಕಿ ಎಂದರೆ ಜಯಮ್ಮ. ನಾನು ಗಡಿಯಾರ ನೋಡಿಕೊಂಡೆ. "ಡಾಕ್ಟರು ಓದಿದವರು, ಅಂಥಾ ಮಾತು ಆಡ್ತಾರೇನ್ರೀ? ಹಿಟ್ಟಂದ್ರ ಹಿಟ್ಟು. ಎಲ್ಲಾ ಹಿಟ್ಟೂ ಬಿಡ್ರಿ. ಆ ರೊಟ್ಟೀನೂ ಬಿಡ್ರಿ" ಎಂದೆ. ಹೇಳುವಾಗ ನನಗೆ ಒಳಗೊಳಗೇ ಸಮಾಧಾನವೂ ಆಯಿತು. ಸಂಜೆ ಬಂದು ಹಿಟ್ಟು ನಾದುವುದು ತಪ್ಪಿತಲ್ಲ ಎಂದು. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ಅಂದಿನಿಂದ ರೊಟ್ಟಿ ನಿಂತಿತು. ಮಾತ್ರೆ ನಿಲ್ಲಲಿಲ್ಲ. ವಾರದೊಳಗೆ ಬೆಳಗಿನ ಹೊತ್ತು ಬೆವರು, ಕೈ ನಡುಕ. ಸೂಜಿಗೆ ದಾರ ಪೋಣಿಸಲು ಜಯಮ್ಮನನ್ನು ಕರೆಯುತ್ತಿದ್ದರು. "ಶುರೂನಲ್ಲಿ ಹಂಗೇ ಅಣ್ಣ, ಬಾಡಿ ಕೊಬ್ಬಿಗೆ ಅಡ್ಜಸ್ಟ್ ಆಗ್ತಾ ಇದೆ" ಎಂದ ಕೋಚ್. ನಾವು ಅದನ್ನೂ ನಂಬಿದೆವು.

ಒಂದು ಮಂಗಳವಾರ ಮಧ್ಯಾಹ್ನ ಕಚೇರಿಗೆ ಜಯಮ್ಮನ ಫೋನು ಬಂತು. "ಬೇಗ ಬಾರಮ್ಮ. ಮೆಷಿನ್ ಸದ್ದೇ ಇಲ್ವಲ್ಲ ಅಂತ ಇಣುಕಿ ನೋಡ್ದೆ ಕಣಮ್ಮ. ಕೆಳಗ್ ಬಿದ್ದವ್ರೆ. ಎಷ್ಟ್ ಕೂಗುದ್ರೂ ಏಳ್ತಾ ಇಲ್ಲ." ಬೆಳಿಗ್ಗೆ ಮಾತ್ರೆ ನುಂಗಿ, ಬೆಣ್ಣೆ ಹಾಕಿದ ಚಹಾ ಕುಡಿದು ಜಿಮ್ಮಿಗೆ ಹೋಗಿ ಬಂದಿದ್ದರು. ಎಷ್ಟು ಹೊತ್ತಿನಿಂದ ಬಿದ್ದಿದ್ದರೋ ಯಾರಿಗೂ ತಿಳಿಯದು. ಜಯಮ್ಮ ಅಕ್ಕಪಕ್ಕದವರನ್ನು ಸೇರಿಸಿ ಆಸ್ಪತ್ರೆಗೆ ಸಾಗಿಸಿದ್ದರು. ನಾನು ಹೋಗುವ ಹೊತ್ತಿಗೆ ಕೈಗೆ ಗ್ಲೂಕೋಸ್ ಏರಿಸಿದ್ದರು. ಇಷ್ಟು ದಿನ ಅಂಜಿ ಓಡಿದ ಸಕ್ಕರೆಯನ್ನೇ ನರದೊಳಗೆ ಬಿಡುತ್ತಿದ್ದರು.

ಅಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. "ಶುಗರ್ ತುಂಬಾ ಇಳಿದುಬಿಟ್ಟಿದೆ. ಊಟ ಮಾಡ್ದೆ ಮಾತ್ರೆ ತಗೊಂಡ್ರಾ?"

"ಊಟ ಮಾಡ್ತಿದ್ರು ಮೇಡಂ. ಹಿಟ್ಟು ಅಷ್ಟೇ ಬಿಟ್ಟಿದ್ರು. ಡಾಕ್ಟರೇ ಹೇಳಿದ್ರು."

"ಮುದ್ದೆ ಬಿಟ್ರೆ ಬಿಡ್ಲಿ. ಚಪಾತಿನೋ ರೊಟ್ಟಿನೋ ಏನಾದ್ರೂ ತಿಂದಿರ್ಬೇಕಲ್ಲಮ್ಮ?"

ಕ್ಲಿನಿಕ್ಕಿನ ಡಾಕ್ಟರು ಬಿಡಲು ಹೇಳಿದ್ದು ಆಕಿ ಹಿಟ್ಟನ್ನು, ಮುದ್ದೆಯನ್ನು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನನಗೆ ಊಟವೂ ತಿಳಿಯಲಿಲ್ಲ, ಮಾತೂ ತಿಳಿಯಲಿಲ್ಲ. ಅವರಿಗೆ ಅನುಮಾನ ಬಂದಿತ್ತು, ಕೇಳೋಣ ಎಂದಿದ್ದರು. ತಡೆದವಳು ನಾನು.

ನಾಲ್ಕನೆಯ ದಿನ ಕಣ್ಣು ಬಿಟ್ಟರು. ಜೀವ ಉಳಿಯಿತು, ನೆನಪು ಪೂರಾ ತಿರುಗಿ ಬರಲಿಲ್ಲ. ಸಕ್ಕರೆ ಅಷ್ಟು ಹೊತ್ತು ತಳ ಕಂಡರೆ ಮಿದುಳಿಗೆ ಪೆಟ್ಟು ಬೀಳುತ್ತದಂತೆ. ಹಳೆಯದು ಇದೆ, ಹೊಸದು ನಿಲ್ಲುವುದಿಲ್ಲ. ಮೆಷಿನ್ ಮುಂದೆ ಕೂರಿಸಿದರೆ ಟೇಪು ಹಿಡಿದು ಎದೆಯ ಅಳತೆ ಸರಿಯಾಗಿಯೇ ತೆಗೆಯುತ್ತಾರೆ. ಬರೆಯಲು ಪೆನ್ಸಿಲ್ ಎತ್ತುವಷ್ಟರಲ್ಲಿ ಮರೆತು ಮತ್ತೆ ಟೇಪು ಹಿಡಿಯುತ್ತಾರೆ. ಕೋಚ್ ಬಂದು ಅವರ ಕಾಲ ಬಳಿ ಕೂತು ಅತ್ತ. "ಮಾತ್ರೆ ತಗೋತಾರೆ ಅಂತ ನಂಗೆ ಹೇಳ್ಲೇ ಇಲ್ಲ ಅಕ್ಕ." ನೀನು ಕೇಳಿದೆಯಾ ಎಂದು ಬಾಯಿಗೆ ಬಂತು. ಕೇಳದೆ ಕೆಟ್ಟವರಲ್ಲಿ ನಾನೇ ಮೊದಲಿಗಳಾಗಿರುವಾಗ ಅವನಿಗೇನು ಹೇಳಲಿ?

ಮಾತ್ರೆ ಬದಲಾಯಿತು. ಮೂರು ಹೊತ್ತೂ ಅಳತೆಯ ಧಾನ್ಯ ಇರಲೇಬೇಕು ಎಂದರು. ನನಗೆ ರಜೆ ಮುಗಿಯಿತು. ಹಗಲು ಹೊತ್ತು ಅವರನ್ನು ನೋಡಿಕೊಂಡವರು ಜಯಮ್ಮ. ಮಧ್ಯಾಹ್ನಕ್ಕೆ ನಿಂಬೆಹಣ್ಣಿನ ಗಾತ್ರದ ಮುದ್ದೆ ಕಟ್ಟಿ, ಸಾರಿನಲ್ಲಿ ಅದ್ದಿ, "ಅಗೀಬೇಡಿ ಅಣ್ಣ, ನುಂಗಿ. ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ" ಎಂದು ಹೇಳಿ ಹೇಳಿ ಕಲಿಸಿದರು. ಬೇರೇನೂ ನಿಲ್ಲದ ತಲೆಯಲ್ಲಿ ಅದೊಂದು ಹೇಗೋ ನಿಂತಿತು. ನಾನು ರಜೆಯ ದಿನ ರೊಟ್ಟಿ ಬಡಿದು ಹಾಕಿದರೆ ತಿನ್ನುತ್ತಿದ್ದರು, ಬೇಡ ಎನ್ನುತ್ತಿರಲಿಲ್ಲ.

ಆದರೂ ಬೇರೆಯವರ ಮೇಲೆ ಎಷ್ಟು ದಿನ ಭಾರ ಹಾಕುವುದು? ಊರಿನಲ್ಲಿ ಮೈದುನನ ಮನೆಯಿದೆ, ಪರಿಚಯದ ಓಣಿಯಿದೆ, ಹಳೆಯ ನೆನಪಿಗೆ ಹಳೆಯ ಊರೇ ಒಳ್ಳೆಯದು ಎಂದುಕೊಂಡೆ. ಹೋದ ತಿಂಗಳು ಅವರನ್ನು ಅಲ್ಲಿ ಬಿಟ್ಟು ಬರಲು ಕರೆದುಕೊಂಡು ಬಂದಿದ್ದೆ. ನಿಮ್ಮಲ್ಲಿ ಹಲವರು ಬಂದು ಮಾತನಾಡಿಸಿದಿರಿ. ಅವರು ಎಲ್ಲರನ್ನೂ ಹೆಸರು ಹಿಡಿದು ಕರೆದರು. ನನ್ನ ಮನಸ್ಸು ಹಗುರಾಯಿತು.

ಮಧ್ಯಾಹ್ನ ಊಟಕ್ಕೆ ಕೂತೆವು. ಮೈದುನನ ಹೆಂಡತಿ ನೀಲವ್ವ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಬಡಿಸಿದಳು. ಅವರು ತಟ್ಟೆಯನ್ನೇ ನೋಡುತ್ತ ಕೂತರು. ಆಮೇಲೆ ಕೇಳಿದರು, "ಹಿಟ್ಟಿಲ್ಲೇನು?"

"ಹಿಟ್ಟಿಗೇನು ಬರಾ ಬಂದೈತಿ ಭಾವಾರ? ನಿನ್ನೇನ ಬೀಸಿಸೀನಿ" ಎಂದು ನೀಲವ್ವ ಒಳಗೆ ಹೋಗಿ ಡಬ್ಬಿಯನ್ನೇ ಎತ್ತಿಕೊಂಡು ಬಂದು ಮುಚ್ಚಳ ತೆಗೆದು ತೋರಿಸಿದಳು. ಹೊಸ ಜೋಳದ ಹಿಟ್ಟಿನ ವಾಸನೆ ಪಡಸಾಲೆಯನ್ನೆಲ್ಲ ತುಂಬಿತು. ಆ ವಾಸನೆಗಾಗಿ ನಾನು ಎರಡು ವರ್ಷ ಹಂಬಲಿಸಿದ್ದೆ. ಅವರು ಡಬ್ಬಿಯೊಳಗೆ ಇಣುಕಿ, ಏನೋ ತಪ್ಪಿದವರಂತೆ ಸಣ್ಣಗೆ ನಕ್ಕರು. ನನ್ನ ಕಡೆ ತಿರುಗಿದರು.

"ನೀನರ ಹೇಳ ಇವರಿಗೆ."

"ಆಕಿ ಹಿಟ್ಟು ಕೇಳಾಕತ್ತಾರ" ಎಂದೆ.

"ಯಾರಾಕಿ?" ಎಂದಳು ನೀಲವ್ವ.

ಆ ಮನೆಯಲ್ಲಿ ಎರಡೂ ಹಿಟ್ಟು ಬಲ್ಲವಳು ನಾನೊಬ್ಬಳೇ. ಮರುದಿನದ ಬಸ್ಸಿಗೆ ನನ್ನೊಬ್ಬಳದೇ ಸೀಟು ಇತ್ತು. ಪಕ್ಕದ ಸೀಟನ್ನೂ ಅವರಿಗಾಗಿ ಕಾಯ್ದಿರಿಸಿದೆ.

ಬಸ್ಸು ಊರು ದಾಟುವಾಗ ಕಿಟಕಿಯಿಂದ ನೋಡುತ್ತ ಕೇಳಿದರು, "ಎಲ್ಲಿಗೆ ಹೊಂಟೀವಿ?"

"ಮನಿಗ್ರೀ."

"ಯಾ ಮನಿಗೆ?"

ಒಮ್ಮೆ ಅವಸರದಲ್ಲಿ ಅರ್ಥ ಹೇಳಿ ಇವರನ್ನು ಹೀಗೆ ಮಾಡಿದವಳು ನಾನು. ಈ ಸಲ ಯಾವ ಮನೆ ಎನ್ನುತ್ತಾರೋ ಎಂದು ಅವರನ್ನೇ ಕೇಳಿದೆ. ಸ್ವಲ್ಪ ಹೊತ್ತಿಗೆ ಅವರು ಕೇಳಿದ್ದನ್ನು ಮರೆತರು, ಮತ್ತೆ ಅದನ್ನೇ ಕೇಳಿದರು.