ಗೇಟ್‌ಮನ್ ಪುಟ್ಟಬಸವಯ್ಯನ ಪ್ರೈವೇಟ್ ನಂಬರು

ಮೂವತ್ತೊಂದು ವರ್ಷ ರೈಲ್ವೆ ಗೇಟು ಹಾಕಿ ತೆಗೆದು ರಿಟೈರಾದ ಪುಟ್ಟಬಸವಯ್ಯನಿಗೆ ಈ ಲೋಕದಲ್ಲಿ ನಂಬಿಕೆ ಇದ್ದದ್ದು ಒಂದರ ಮೇಲೆ ಮಾತ್ರ, ಅದು ಪ್ರೈವೇಟ್ ನಂಬರು. ರೈಲು ಬರೋ ಮುಂಚೆ ಸ್ಟೇಷನ್ನಿಂದ ಫೋನು ಬರುತ್ತೆ. ಗೇಟು ಹಾಕಿದ ಮೇಲೆ ಗೇಟ್‌ಮನ್ ತನ್ನ ಹತ್ತಿರ ಇರೋ ಗುಟ್ಟಿನ ನಂಬರೊಂದನ್ನು ಹೇಳಬೇಕು, ಅತ್ತ ಸ್ಟೇಷನ್ ಮಾಸ್ಟರು ಬರಕೊಳ್ಳಬೇಕು. ಆಮೇಲೇ ಸಿಗ್ನಲ್ಲು. ‘ಹೂಂ, ಆಯ್ತು ಬಿಡಿ’ ಅಂದರೆ ನಡೆಯೋದಿಲ್ಲ. ಆ ಮಾಸ್ಟರ ಮುಖವನ್ನು ಅವನು ಸರಿಯಾಗಿ ನೋಡಿದ್ದೇ ರಿಟೈರಾದ ದಿನ, ಹಾರ ಹಾಕಿಸಿಕೊಳ್ಳುವಾಗ. ಆದರೂ ಅಷ್ಟು ವರ್ಷದಲ್ಲಿ ಅವನ ಗೇಟಿನಲ್ಲಿ ಒಂದು ಎಮ್ಮೆಗೂ ಪೆಟ್ಟಾಗಿರಲಿಲ್ಲ.

ಇಂಥವನ ಊರು ಹೊಂಗೆಹುಂಡಿ, ನಂಜನಗೂಡಿನಿಂದ ತಿ.ನರಸೀಪುರಕ್ಕೆ ಹೋಗೋ ದಾರಿಯಲ್ಲಿದೆ. ಅಲ್ಲಿನ ಬಸ್‌ಸ್ಟಾಪಿನ ಕಥೆ ಕೇಳಿದರೆ ನಗಬೇಕೋ ಅಳಬೇಕೋ ನೀವೇ ಹೇಳಿ. ರಸ್ತೆಯವರು ಕಟ್ಟಿದ ತಗಡಿನ ಶೆಲ್ಟರು ಶಾಲೆಯ ಹತ್ತಿರ. ಬಸ್ಸಿನವರು ನೆಟ್ಟ ಬೋರ್ಡು ಇನ್ನೂರು ಮಾರು ಆಚೆ, ಹುಣಸೆಮರದ ಬುಡದಲ್ಲಿ. ಒಬ್ಬ ಡ್ರೈವರು ಶೆಲ್ಟರಿಗೆ ನಿಲ್ಲಿಸುತ್ತಿದ್ದ. ಇನ್ನೊಬ್ಬ ರಾಜೇಂದ್ರ ಅಂತ, ಬೋರ್ಡಿಲ್ಲದ ಕಡೆ ದೇವರು ಕೈ ಅಡ್ಡ ಹಿಡಿದರೂ ನಿಲ್ಲಿಸೋನಲ್ಲ. ಇವತ್ತು ಯಾರ ಡ್ಯೂಟಿ ಅಂತ ಹೊಂಗೆಹುಂಡಿಯವರಿಗೆ ಹೇಗೆ ಗೊತ್ತಾಗಬೇಕು?

ಪುಟ್ಟಬಸವಯ್ಯನ ಸೊಸೆ ಇಂದ್ರಾಣಿಗೆ ನರಸೀಪುರದ ಒಂದು ನರ್ಸಿಂಗ್ ಹೋಮಿನಲ್ಲಿ ಹೊಸದಾಗಿ ಕೆಲಸ ಸಿಕ್ಕಿತ್ತು. ಒಂಬತ್ತಕ್ಕೆ ಮೆಷೀನಿಗೆ ಹೆಬ್ಬೆಟ್ಟು ಒತ್ತಬೇಕು. ಮೂರು ಸಲ ತಡವಾದರೆ ಕೆಲಸ ಹೋಯಿತು ಅಂತಲೇ ಲೆಕ್ಕ. ಗಂಡ ಆರಕ್ಕೇ ಬೈಕು ಹತ್ತಿ ಫ್ಯಾಕ್ಟರಿಗೆ ಹೋಗಿಬಿಡುತ್ತಿದ್ದ. ಮೊದಲ ತಿಂಗಳಲ್ಲೇ ಎರಡು ಸಲ ಸೀರೆ ಎತ್ತಿ ಕಟ್ಟಿ ಓಡಿದರೂ ಬಸ್ಸು ಸಿಗಲಿಲ್ಲ.

“ಇನ್ನೊಂದು ಸಲ ಆದ್ರೆ ಮುಗೀತು, ಮಾವ,” ಅಂದಳು.

ಮಾವ ಅವತ್ತೇ ಪೆನ್ನು ಹಿಡಿದ. ರಸ್ತೆಯವರ ಕಚೇರಿಗೊಂದು, ಬಸ್ಸಿನವರ ಕಚೇರಿಗೊಂದು ಅರ್ಜಿ ಗೀಚಿದ. ಕಾಲ ಕೂಡಿಬಂದಿತ್ತೋ ಏನೋ, ದೇಶದ ಸಾರಿಗೆ ಇಲಾಖೆಗಳೆಲ್ಲ ಕೈಜೋಡಿಸಿ ಕೆಲಸ ಮಾಡತಕ್ಕದ್ದು ಅಂತ ದೆಹಲಿಯ ಸುತ್ತೋಲೆಯೊಂದು ಅದೇ ವಾರ ಎರಡೂ ಕಡೆಗೆ ಬಂದಿತ್ತು. ಸಾಹೇಬರುಗಳು ಬೆಚ್ಚಿ ಎದ್ದರು. ಬುಧವಾರ ಬೆಳಿಗ್ಗೆ ಬಸ್ಸಿನವರು ಬಂದು ಬೋರ್ಡು ಕಿತ್ತು ಶಾಲೆಯ ಹತ್ತಿರ ನೆಟ್ಟು, ಕೈ ಒರೆಸಿಕೊಂಡು ಹೋದರು. ಮಧ್ಯಾಹ್ನ ರಸ್ತೆಯವರು ಕ್ರೇನು ತಂದು ಶೆಲ್ಟರನ್ನು ಅನಾಮತ್ತಾಗಿ ಎತ್ತಿ ಹುಣಸೆಮರದ ಕೆಳಗೆ ಇಟ್ಟರು. ಈಗ ಶೆಲ್ಟರಿದ್ದಲ್ಲಿ ಬೋರ್ಡು, ಬೋರ್ಡಿದ್ದಲ್ಲಿ ಶೆಲ್ಟರು, ನಡುವೆ ಅದೇ ಇನ್ನೂರು ಮಾರು. ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತು. ಇಂದ್ರಾಣಿ ಮಾತ್ರ ನಗಲಿಲ್ಲ.

ಪುಟ್ಟಬಸವಯ್ಯನಿಗೆ ಪಿತ್ತ ನೆತ್ತಿಗೇರಿತು. ಗುರುವಾರ ಹಳೇ ಖಾಕಿ ಷರಟು ತೊಟ್ಟು ಕಚೇರಿಗೇ ಹೊರಟುಬಿಟ್ಟ. ಹೋಗಿ ನೋಡಿದರೆ, ಅಯ್ಯೋ ಶಿವನೇ, ಎರಡು ಕಚೇರಿಯೂ ಒಂದೇ ಬಾಡಿಗೆ ಕಟ್ಟಡದಲ್ಲಿ! ಕೆಳಗೆ ಬಸ್ಸಿನ ಅಮೃತೇಶ್ ಸಾಹೇಬರು, ಮೇಲೆ ರಸ್ತೆಯ ವನಜಾಕ್ಷಿ ಮೇಡಂ. ನಡುವೆ ಹದಿನೆಂಟು ಮೆಟ್ಟಿಲು.

“ಮೇಲಿನವರ್ಗೆ ಒಂದ್ ಮಾತು ಏಳಿದ್ರಾ, ಸಾ?”

“ಪತ್ರ ಹಾಕಿದೀವಿ. ಜಿಲ್ಲಾ ಕಚೇರಿ ಮುಖಾಂತರ ಬರಬೇಕು,” ಅಂದರು ಅಮೃತೇಶ್.

“ಈ ಮೆಟ್ಲು ಅತ್ತಕ್ಕೆ ಮೈಸೂರು ಸುತ್ಕೊಂಡು ಓಗ್ಬೇಕಾ? ಫೋನ್ ಮಾಡಿ ಸಾ, ನಾ ಇಲ್ಲೇ ಕೂತಿರ್ತೀನಿ.” ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತೇಬಿಟ್ಟ.

ಬೇರೆ ದಾರಿ ಕಾಣದೆ ಅಮೃತೇಶ್ ಫೋನು ಮಾಡಿದರು. ಮೇಡಂ ದನಿ ಫೋನಿನಲ್ಲೂ ಕೇಳಿಸಿತು, ಮೆಟ್ಟಿಲ ಮೇಲಿಂದಲೂ ಕೇಳಿಸಿತು. ಶೆಲ್ಟರು ಹುಣಸೆಮರದ ಹತ್ತಿರವೇ ಇರಲಿ, ಬೋರ್ಡು ಅಲ್ಲಿಗೆ ವಾಪಸು ಬರಲಿ ಅಂತ ಎರಡೇ ನಿಮಿಷದಲ್ಲಿ ತೀರ್ಮಾನವಾಯಿತು. ‘ಹೂಂ, ಆಯ್ತು’ ಅಂತ ಫೋನಿಡೋಕೆ ಹೋದ ಸಾಹೇಬರ ಕೈಯನ್ನು ಪುಟ್ಟಬಸವಯ್ಯ ಗಪ್ಪನೆ ಹಿಡಿದ.

“ನಂಬರ್ ತಕಳಿ, ಸಾ! ನಂಬರಿಲ್ದೆ ರೈಲು ಬುಡಂಗಿಲ್ಲ!”

ಸಾಹೇಬರು ನಕ್ಕರು. ಮೇಲಿಂದ ಮೇಡಮ್ಮೂ ನಕ್ಕರು. ಆದರೆ ಮುದುಕ ಕೈ ಬಿಡಬೇಕಲ್ಲ! ಕೊನೆಗೆ ಮೇಡಂ, “ಸರಿ, ಇಪ್ಪತ್ತೇಳು” ಅಂದರು. ಅಮೃತೇಶ್ ಬರಕೊಂಡರು. “ಡ್ರೈವರ್‌ಗೂ ಇದೇ ನಂಬರ್ ಏಳ್ಬುಡಿ” ಅಂತ ಹೇಳಿಯೇ ಅವನು ಎದ್ದದ್ದು.

ಶುಕ್ರವಾರ ಎಂಟೂ ಹತ್ತಾದರೂ ಬೋರ್ಡು ಶಾಲೆಯ ಹತ್ತಿರವೇ ಇತ್ತು. ಇಂದ್ರಾಣಿ ಶೆಲ್ಟರಿನಲ್ಲಿ ನಿಂತು ಬೆವರುತ್ತಿದ್ದಳು. “ನಾನು ಬೋರ್ಡಿನ ಹತ್ರ ಓಡ್ತೀನಿ, ಮಾವ.”

“ನಿಂತ್ಕಳವ್ವ. ನಂಬರ್ ಆಗದೆ,” ಅಂದ ಅವನು. ಕಣ್ಣು ಮಾತ್ರ ಬೋರ್ಡಿನ ಕಡೆಗೇ ಇತ್ತು.

ಬಸ್ಸು ತಿರುವಿನಲ್ಲಿ ಕಾಣಿಸಿತು. ಓಡಿಸುತ್ತಿದ್ದವನು ರಾಜೇಂದ್ರ! ಇಂದ್ರಾಣಿ ಓಡೋಕೆ ಸೀರೆ ಎತ್ತಿ ಕಟ್ಟಿದಳು. ಕಿರ್ರ್ ಅಂತ ಬ್ರೇಕು ಬಿತ್ತು. ಬಸ್ಸು ಶೆಲ್ಟರಿನ ಎದುರಿಗೇ ನಿಂತಿತು. ರಾಜೇಂದ್ರ ತಲೆ ಹೊರಗೆ ಹಾಕಿ ಕೇಳಿದ:

“ನಂಬರ್ ಹೇಳಜ್ಜ!”

“ಇಪ್ಪತ್ತೇಳು!”

“ರೈಟ್. ಹತ್ತಮ್ಮ ಬೇಗ.”

ಬಸ್ಸು ಹೋದ ಮೇಲೂ ಪುಟ್ಟಬಸವಯ್ಯ ಶೆಲ್ಟರು ಬಿಟ್ಟು ಕದಲಲಿಲ್ಲ. ಒಂಬತ್ತಕ್ಕೆ ಐದು ನಿಮಿಷ ಇದೆ ಅನ್ನುವಾಗ ಫೋನು ಬಂತು.

“ಹೆಬ್ಬೆಟ್ಟು ಒತ್ತಿದೆ, ಮಾವ.”

“ಅಂಗಂದ್ರೆ ಆಗಾಕಿಲ್ಲ ಕಣವ್ವ. ನಂಬರ್ ಕೊಡು.”

ಇಂದ್ರಾಣಿ ನಗುತ್ತಾ, ಮೂಗೆಳೆಯುತ್ತಾ ಹೇಳಿದಳು: “ಇಪ್ಪತ್ತೆಂಟು.”

ಪೆನ್ನಿರಲಿಲ್ಲ. ಫೋನಿನ ಆ ಕಡೆಯಿಂದ ಸ್ಟೇಷನ್ ಮಾಸ್ಟರು ಹೇಳುತ್ತಿದ್ದ ಹಾಗೆ, “ಇಪ್ಪತ್ತೆಂಟು, ಬರಕಂಡೆ” ಅಂತ ಸುಳ್ಳು ಹೇಳಿ, ಟವೆಲಿನಲ್ಲಿ ಕಣ್ಣೊರೆಸಿಕೊಂಡ.